ತತ್ವಪದಕ್ಕೆ ಸಂಗೀತ ಕಛೇರಿಯ ಅಳತೆ ಬೇಡ

ಮಾನ್ಯರೇ,

ಕಳೆದ ತಿಂಗಳು ನಮ್ಮ ತಾಲ್ಲೂಕಿನ ಶಾಲಾ ಮಕ್ಕಳ ಗಾಯನ ಸ್ಪರ್ಧೆಯೊಂದರಲ್ಲಿ, ಏಕತಾರಿ ಹಿಡಿದು ಸಂತಕವಿ ಕೈವಾರ ತಾತಯ್ಯನವರ ಪದ ಹಾಡಿದ ಹುಡುಗಿಗೆ ಗಮಕವಿಲ್ಲ (ಸ್ವರವನ್ನು ತೂಗಿ ಹಾಡುವುದು), ಸಂಗತಿಗಳಿಲ್ಲ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವುದು) ಎಂದು ತೀರ್ಪುಗಾರರು ಅಂಕ ಕಳೆದರು. ಶಾಸ್ತ್ರೀಯ ಸಂಗೀತ, ಭಾವಗೀತೆ, ತತ್ವಪದ ಮೂರಕ್ಕೂ ಒಂದೇ ಅಂಕಪಟ್ಟಿ ಮಾಡಿದ್ದರ ಫಲವಿದು. ಹುಡುಗಿ ಶ್ರುತಿ ಬಿಟ್ಟಿದ್ದರೆ, ತಾಳ ತಪ್ಪಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಏಕೆಂದರೆ ಆ ಎರಡು ಎಲ್ಲ ಪ್ರಕಾರಗಳಿಗೂ ಸಲ್ಲುವ ನಿಯಮಗಳು.

ಉಳಿದದ್ದು ಸ್ವರವನ್ನು ನಡೆಸಿಕೊಳ್ಳುವ ರೀತಿಗೆ ಸೇರಿದ್ದು. ಕರ್ನಾಟಕ ಸಂಗೀತದ ಮೋಹನವೂ ಹಿಂದುಸ್ತಾನಿಯ ಭೂಪವೂ ಸ ರಿ ಗ ಪ ದ ಎಂಬ ಅದೇ ಐದು ಸ್ವರಗಳ ರಾಗಗಳು. ಮೋಹನದಲ್ಲಿ ಅವು ಗಮಕದಲ್ಲಿ ತೂಗಿದರೆ, ಭೂಪದ ವಿಲಂಬಿತ ಖಯಾಲಿನಲ್ಲಿ, ಎಂದರೆ ನಿಧಾನಗತಿಯ ಗಾಯನದಲ್ಲಿ, ಗಾಯಕರು ಗಾಂಧಾರದ (ಗ) ಮೇಲೆ ಸಾವಧಾನವಾಗಿ ನಿಲ್ಲುತ್ತಾರೆ. ಅಷ್ಟೇಕೆ, ಹಿಂದುಸ್ತಾನಿಯೊಳಗೇ ಅದೇ ಐದು ಸ್ವರಗಳಲ್ಲಿ ಪ್ರಾಧಾನ್ಯ ಧೈವತಕ್ಕೆ (ದ) ಹೋದರೆ ಅದು ಭೂಪವಲ್ಲ, ದೇಶಕಾರ್ ಎಂಬ ಬೇರೆಯೇ ರಾಗ. ತತ್ವಪದದಲ್ಲಾದರೋ ಪ್ರಾಧಾನ್ಯ ಮಾತಿಗೆ. ಸುತ್ತ ಕುಳಿತವರು ಪಲ್ಲವಿಯನ್ನು ಎತ್ತಿಕೊಳ್ಳಬೇಕು, ಅಕ್ಷರ ಬಾರದವರಿಗೂ ಅರ್ಥ ಮುಟ್ಟಬೇಕು. ಅಲ್ಲಿ ಸಂಗತಿಯ ಮೇಲೆ ಸಂಗತಿ ಹೇರಿದರೆ ಪದವೇ ಮುಚ್ಚಿಹೋಗುತ್ತದೆ. ತೆಲುಗು, ಕನ್ನಡ ಎರಡರಲ್ಲೂ ರಚಿಸಿದ ತಾತಯ್ಯನವರ ಕೀರ್ತನೆಗಳನ್ನು ವಿದ್ವಾಂಸರು ಪಿಟೀಲು, ಮೃದಂಗದೊಡನೆ ಕಛೇರಿಯಲ್ಲಿ ಹಾಡುವುದೂ ಉಂಟು, ಹಳ್ಳಿಯ ಭಜನೆ ತಂಡಗಳು ತಾಳ ತಟ್ಟಿ ಹಾಡುವುದೂ ಉಂಟು. ಎರಡನ್ನೂ ಕೇಳಿ ಬೆಳೆದ ನಮಗೆ ಒಂದು ಇನ್ನೊಂದರ ಕಚ್ಚಾ ರೂಪ ಎಂದು ಎಂದೂ ಅನ್ನಿಸಿಲ್ಲ.

ವಾದ್ಯಗಳ ಮಾತೂ ಇಷ್ಟೇ. ತಮಟೆಯನ್ನು ಬರಿಯ ಸದ್ದು ಎನ್ನುವವರು, ಜಾತ್ರೆಯ ದಿನ ಬಾರಿಸುವವರು ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮವನ್ನು ಕಾಯಿಸುವುದನ್ನು ಹತ್ತಿರ ನಿಂತು ನೋಡಬೇಕು. ಕಾದಂತೆ ಚರ್ಮ ಬಿಗಿಯುತ್ತದೆ, ನಾದ ಏರುತ್ತದೆ. ಬೆರಳಲ್ಲಿ ತಟ್ಟಿ, ಕಿವಿಗೊಟ್ಟು, ಸಾಲದೆಂದರೆ ಮತ್ತೆ ಕಾಯಿಸುತ್ತಾರೆ. ಮೃದಂಗ ವಿದ್ವಾಂಸರು ಕಛೇರಿಗೆ ಮುನ್ನ ಕಲ್ಲಿನಿಂದ ಅಂಚನ್ನು ತಟ್ಟಿ ಮಾಡುವುದೂ ಇದೇ ಕೆಲಸ. ನಮ್ಮದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂದ ಮೇಲೂ ನಮ್ಮ ಸ್ಪರ್ಧೆಗಳಲ್ಲಿ ತಮಟೆಗೆ ದೊರೆತಿರುವ ಜಾಗ ಅತಿಥಿಗಳ ಸ್ವಾಗತದ ಮೆರವಣಿಗೆಯಷ್ಟೇ.

ಸಂಘಟಕರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಮುಂದಿನ ವರ್ಷ ತತ್ವಪದಕ್ಕೆ ಪ್ರತ್ಯೇಕ ಅಂಕಪಟ್ಟಿ ಇರಲಿ. ಶ್ರುತಿ, ಲಯದ ಜೊತೆಗೆ ಉಚ್ಚಾರಕ್ಕೂ ಅರ್ಥ ಮುಟ್ಟಿಸುವ ಬಗೆಗೂ ಅದರಲ್ಲಿ ಅಂಕವಿರಲಿ. ತೀರ್ಪುಗಾರರಲ್ಲಿ ಒಬ್ಬರಾದರೂ ಭಜನೆ ಮನೆಯಲ್ಲಿ ಹಾಡಿ ಪಳಗಿದವರಾಗಿರಲಿ. ಅಂಥವರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಯೂ ಇಲ್ಲ.

– ನಿವೃತ್ತ ಶಿಕ್ಷಕ, ಚಿಂತಾಮಣಿ