ಶಾಸನಸಭೆ ಬೇಡ, ಆಡಿಟರ್ ಹುದ್ದೆಗೆ ನಿಲ್ಲು

ಚಿ. ಅನಿರುದ್ಧನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಸರ್ಕಾರದ ಹಿಡಿತ ಕಡಿಮೆಯಿರಬೇಕೆನ್ನುವ ಲಿಬರ್ಟೇರಿಯನ್ ಪಕ್ಷದಿಂದ ಪೆನ್ಸಿಲ್ವೇನಿಯಾದ ಶಾಸನಸಭೆಗೆ ನಿಲ್ಲುವ ಯೋಚನೆ ನಿನಗಿದೆ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಅವಳಿಗೆ ದಿಗಿಲು, ನನಗೆ ಹೆಮ್ಮೆ. ಎರಡೇ ಪಕ್ಷಗಳ ನಡುವೆ ಹಂಚಿಹೋದ ದೇಶದಲ್ಲಿ ಮೂರನೆಯದರ ಹೆಸರು ಹೇಳಿಕೊಂಡು ಬೀದಿಗಿಳಿಯಲು ಎದೆಗಾರಿಕೆ ಬೇಕು. ಆದರೆ ಶಾಸನಸಭೆ ಈಗ ಬೇಡ. 2027ರ ನವೆಂಬರ್ 2ಕ್ಕೆ ಸ್ಥಳೀಯ ಚುನಾವಣೆ ಇದೆ. ನಿನ್ನ ಟೌನ್‌ಶಿಪ್‌ನ ಆಡಿಟರ್ ಹುದ್ದೆಗೆ, ಅಂದರೆ ನಿಮ್ಮೂರಿನ ಸ್ಥಳೀಯ ಆಡಳಿತದ ಲೆಕ್ಕ ತಪಾಸಣೆ ಮಾಡುವ ಚುನಾಯಿತ ಹುದ್ದೆಗೆ, ನಿಲ್ಲು.

ಪಕ್ಷದ ಲೆಕ್ಕವನ್ನೇ ನೋಡು. 1971ರಲ್ಲಿ ಕೊಲೊರಾಡೊದಲ್ಲಿ ಹುಟ್ಟಿದ ಪಕ್ಷ. ಅಧ್ಯಕ್ಷೀಯ ಚುನಾವಣೆಯಲ್ಲಿ ಗ್ಯಾರಿ ಜಾನ್ಸನ್ 2016ರಲ್ಲಿ ಸುಮಾರು 45 ಲಕ್ಷ ಮತ ತಂದರು, ಜೋ ಜಾರ್ಗೆನ್ಸನ್ 2020ರಲ್ಲಿ 18 ಲಕ್ಷ ದಾಟಿದರು, 2024ರಲ್ಲಿ ಚೇಸ್ ಆಲಿವರ್ ಅವರಿಗೆ ಬಂದದ್ದು ಆರೂವರೆ ಲಕ್ಷದ ಆಸುಪಾಸು. ಮೇಲಿನ ಹುದ್ದೆಯ ಮತ ಆಯಾ ವರ್ಷದ ಗಾಳಿಗೆ ಬಿಟ್ಟದ್ದು, ನಿನ್ನ ದುಡಿಮೆ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಟೌನ್‌ಶಿಪ್‌ನಲ್ಲಿ ಹಾಗಲ್ಲ. ಎರಡನೇ ದರ್ಜೆಯ ಟೌನ್‌ಶಿಪ್‌ಗೆ ಮೂವರು ಆಡಿಟರ್‌ಗಳು, ಆರು ವರ್ಷದ ಅವಧಿ, ಬೆಸ ವರ್ಷಕ್ಕೊಬ್ಬರ ಸ್ಥಾನ ತೆರವಾಗುತ್ತದೆ. ಎಷ್ಟೋ ಕಡೆ ಮತಪತ್ರದಲ್ಲಿ ಆ ಹುದ್ದೆಗೆ ಒಂದೇ ಹೆಸರಿರುತ್ತದೆ, ಕೆಲವು ಕಡೆ ಒಂದೂ ಇರುವುದಿಲ್ಲ. ಸರ್ಕಾರದ ಖರ್ಚಿಗೆ ಕಡಿವಾಣ ಬೇಕು ಎನ್ನುವವನಿಗೆ ಲೆಕ್ಕಪತ್ರ ಕೈಗೆ ಬರುವ ಹುದ್ದೆಗಿಂತ ಒಳ್ಳೆಯದು ಯಾವುದಿದೆ? ಟೌನ್‌ಶಿಪ್ ಹೊರಗಿನ ಸಿಪಿಎಯನ್ನು (ಪರವಾನಗಿ ಪಡೆದ ಲೆಕ್ಕಪರಿಶೋಧಕರನ್ನು) ನೇಮಿಸಿಕೊಂಡಿದ್ದರೂ ಒಂದು ಅಧಿಕಾರ ಚುನಾಯಿತ ಆಡಿಟರ್‌ಗಳಲ್ಲೇ ಉಳಿಯುತ್ತದೆ: ರಸ್ತೆ ಕೆಲಸವೋ ಇನ್ನೊಂದೋ ಮಾಡಿ ಟೌನ್‌ಶಿಪ್‌ನಿಂದ ಸಂಬಳ ಪಡೆಯುವ, ಅಲ್ಲಿನ ಆಡಳಿತ ಮಂಡಳಿಯ ಸದಸ್ಯರಾದ ಸೂಪರ್‌ವೈಸರ್‌ಗಳ ಕೂಲಿದರ ಗೊತ್ತುಮಾಡುವುದು.

ಈಗ ಮೊದಲ ಗಂಡಾಂತರ. ಮತದಾರರ ಸಹಿ ಸಂಗ್ರಹಿಸಿ ನಾಮಪತ್ರದ ದಾರಿಯಲ್ಲಿ ಬರುವ ಅಭ್ಯರ್ಥಿ, ಪಕ್ಷಗಳು ಅಭ್ಯರ್ಥಿಗಳನ್ನು ಆರಿಸುವ ಪ್ರೈಮರಿಗೆ 30 ದಿನ ಮುಂಚಿನಿಂದ ನವೆಂಬರ್ ಚುನಾವಣೆಯವರೆಗೆ ದೊಡ್ಡ ಪಕ್ಷಗಳ ನೋಂದಾಯಿತ ಸದಸ್ಯನಾಗಿರಕೂಡದು. 2027ರ ಪ್ರೈಮರಿ ಮೇ 18ಕ್ಕೆ. ನೀನು ಪೌರತ್ವ ಬಂದ ವರ್ಷ ಡೆಮಾಕ್ರಟ್ ಎಂದು ಬರೆಸಿದ್ದೆಯಲ್ಲ, ಅದು ಹಾಗೇ ಇದ್ದರೆ ನಿನ್ನ ಸಹಿಗಳೆಲ್ಲ ನೀರಿಗೆ ಹಾಕಿದಂತೆ. ಮಾರ್ಚ್ ಒಳಗೇ ಬದಲಾಯಿಸಿ, ಹೊಸ ಕಾರ್ಡ್ ಕೈಗೆ ಬಂದದ್ದನ್ನು ನೋಡಿಕೋ. ರಾಷ್ಟ್ರೀಯ ಪಕ್ಷಕ್ಕೆ ಚಂದಾ ಕಟ್ಟಿ, ಬಲಪ್ರಯೋಗ ವಿರೋಧದ ಪ್ರತಿಜ್ಞೆಗೆ ಸಹಿ ಹಾಕಿದ್ದು ಮತದಾರ ನೋಂದಣಿ ಆಗುವುದಿಲ್ಲ, ಎರಡೂ ಬೇರೆ. ಮತ್ತೆ, ಪೆನ್ಸಿಲ್ವೇನಿಯಾದಲ್ಲಿ ಪ್ರೈಮರಿಯ ಅಭ್ಯರ್ಥಿಗಳನ್ನು ಆರಿಸುವ ಮತ ಆಯಾ ಪಕ್ಷದವರಿಗೆ ಮಾತ್ರ. ಆ ಮತ ಬಿಟ್ಟುಕೊಡುತ್ತೀಯ ಎಂಬುದು ಗೊತ್ತಿರಲಿ.

ಸಹಿ ಎಷ್ಟು ಬೇಕು ಎಂಬುದಕ್ಕೆ ಕಾನೂನಿನ ಸೂತ್ರ ಹೀಗಿದೆ: ನಿನ್ನ ಕ್ಷೇತ್ರದಲ್ಲಿ ಹಿಂದಿನ ಚುನಾವಣೆಯಲ್ಲಿ ಗೆದ್ದವರ ಪೈಕಿ ಅತಿ ಹೆಚ್ಚು ಮತ ಪಡೆದವರ ಮತದ ಶೇ 2. ಗೆದ್ದವರಿಗೆ 2,400 ಮತ ಬಂದಿದ್ದರೆ 48 ಸಹಿ. ನೀನೇ ಗುಣಿಸಿಕೊಂಡು ಸುಮ್ಮನಾಗಬೇಡ, ಕೌಂಟಿ ಚುನಾವಣಾ ಕಚೇರಿಯಿಂದ ಆ ಸಂಖ್ಯೆಯನ್ನು ಇಮೇಲಿನಲ್ಲಿ ಬರೆಸಿಕೋ. 48 ಬೇಕಿದ್ದರೆ 90 ತೆಗೆ. ಮಾರ್ಚ್‌ನಲ್ಲಿ ಶುರುವಾಗುವ ಅವಧಿ ಆಗಸ್ಟ್ ಮೊದಲಿಗೆ ಮುಗಿಯುತ್ತದೆ. ಜೂನ್ ಕೊನೆಗೆ ನಿನ್ನ ಹಾಳೆಗಳು ತುಂಬಿರಬೇಕು, ಜುಲೈ ಪರಿಶೀಲನೆಗೆ.

ಯಾಕಿಷ್ಟು ಹೆಚ್ಚುವರಿ ಎಂದು ಕೇಳಬಹುದು. 2004ರಲ್ಲಿ ರಾಲ್ಫ್ ನೇಡರ್ ಇದೇ ರಾಜ್ಯದಲ್ಲಿ ಅಧ್ಯಕ್ಷೀಯ ಸ್ಪರ್ಧೆಗೆ 51,273 ಸಹಿ ಸಲ್ಲಿಸಿದರು, ನ್ಯಾಯಾಲಯದ ಪರಿಶೀಲನೆಯಲ್ಲಿ ನಿಂತದ್ದು 18,818. ಹೆಸರು ಮತಪತ್ರದಿಂದ ಹೋಯಿತು, ಮೇಲೆ 80 ಸಾವಿರ ಡಾಲರ್ ದಾಟಿದ ವ್ಯಾಜ್ಯದ ಖರ್ಚು ಕಟ್ಟಬೇಕೆಂಬ ಆದೇಶವೂ ಬಂತು. ಹಾಗೆ ಖರ್ಚು ಹೇರುವ ಪದ್ಧತಿಯನ್ನು ಚಿಕ್ಕ ಪಕ್ಷಗಳು ಫೆಡರಲ್ ನ್ಯಾಯಾಲಯದಲ್ಲಿ ಹೋರಾಡಿ ತಡೆದವು. ಸಹಿಯನ್ನು ಪ್ರಶ್ನಿಸುವ ಹಕ್ಕು ಮಾತ್ರ ಹಾಗೇ ಇದೆ. ಸಲ್ಲಿಕೆಯ ಕೊನೆಯ ದಿನದಿಂದ ಏಳು ದಿನದೊಳಗೆ ಟೌನ್‌ಶಿಪ್ಪಿನ ಯಾವ ಮತದಾರರಾದರೂ ಕೌಂಟಿ ನ್ಯಾಯಾಲಯದಲ್ಲಿ ಆಕ್ಷೇಪಣೆ ಹಾಕಬಹುದು.

ಒಂದು ಸಾಲು ಹೇಗೆ ಕೆಡುತ್ತದೆ ಎಂದು ನೋಡು. ಸಹಿ, ಅಚ್ಚಕ್ಷರದಲ್ಲಿ ಹೆಸರು, ಮನೆ ನಂಬರು, ರಸ್ತೆ, ಊರು, ತಾರೀಖು. ಊರಿನ ಕಾಲಮ್ಮಿನಲ್ಲೇ ಜನ ಎಡವುವುದು. ಅಂಚೆ ವಿಳಾಸ ವೆಸ್ಟ್ ಚೆಸ್ಟರ್ ಎಂದಿರುತ್ತದೆ, ಆದರೆ ಮನೆ ಇರುವುದು ಈಸ್ಟ್ ಬ್ರಾಡ್‌ಫರ್ಡ್‌ನಲ್ಲೋ ವೆಸ್ಟ್ ಗೋಶೆನ್‌ನಲ್ಲೋ. ಬರೆಯಬೇಕಾದ್ದು ಟೌನ್‌ಶಿಪ್ಪಿನ ಹೆಸರು. ರಸ್ತೆಯ ಆಚೆ ಬದಿ ಬೇರೆ ಟೌನ್‌ಶಿಪ್ ಆಗಿದ್ದರೆ ಅವರ ಸಹಿಯೇ ನಿನಗೆ ಉಪಯೋಗವಿಲ್ಲ. ಗಂಡನ ಪರವಾಗಿ ಹೆಂಡತಿ ಹಾಕಿದ ಸಹಿ, ಮೇಲಿನ ಸಾಲಿನಂತೆಯೇ ಎಂದು ಎಳೆದ ಗೀಟು, ಮನೆ ಬದಲಾಯಿಸಿ ನೋಂದಣಿ ಬದಲಾಯಿಸದವರ ಸಹಿ, ಮೇಲಿನ ಮಹಡಿಯ ಅಜ್ಜಿ ತಾರೀಖು ಮರೆತದ್ದು, ಇವೆಲ್ಲ ಆಕ್ಷೇಪಣೆಗೆ ಸಿಕ್ಕುವ ಸಾಲುಗಳು. ಸಹಿ ಸಂಗ್ರಹಿಸಿದವರು ಹಾಳೆಯ ಕೆಳಗೆ ಹೇಳಿಕೆ ಬರೆದು ಸಹಿ ಮಾಡುವುದು ಕೊನೆಯ ಸಾಲು ತುಂಬಿದ ಮೇಲೆ. ಮೊದಲೇ ಮಾಡಿಟ್ಟುಕೊಂಡರೆ ಆಮೇಲಿನ ತಾರೀಖಿನ ಸಾಲುಗಳ ಮೇಲೆ ಪ್ರಶ್ನೆ ಏಳುತ್ತದೆ. ಸಹಿ ಹಾಕುವವರು ಯಾವ ಪಕ್ಷದವರಾದರೂ ಸರಿ, ಟೌನ್‌ಶಿಪ್ಪಿನ ನೋಂದಾಯಿತ ಮತದಾರರಾಗಿರಬೇಕು. ಪ್ರತಿ ಸಂಜೆ ಮನೆಗೆ ಬಂದೊಡನೆ ಆ ದಿನದ ಸಾಲುಗಳನ್ನು ಮತದಾರರ ಪಟ್ಟಿಯ ಜೊತೆ ತಾಳೆ ನೋಡು. ಕೆಟ್ಟದ್ದನ್ನು ಹೊಡೆದುಹಾಕು.

ಇನ್ನೊಂದು ಕಾಗದವೂ ಅಷ್ಟೇ ಮುಖ್ಯ, ಅದನ್ನು ಮರೆತು ಮನೆಗೆ ಹೋದವರು ಬಹಳ. ಹಣಕಾಸಿನ ಹಿತಾಸಕ್ತಿಯ ಹೇಳಿಕೆ. ಮೂಲ ಪ್ರತಿ ಟೌನ್‌ಶಿಪ್ ಕಚೇರಿಗೆ, ನಕಲು ನಾಮಪತ್ರದ ಜೊತೆ ಕೌಂಟಿಗೆ, ಎರಡೂ ಕೊನೆಯ ದಿನದೊಳಗೆ. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಬಿಟ್ಟರೆ ಉಮೇದುವಾರಿಕೆಯೇ ಬಿದ್ದುಹೋಗಬಹುದು. ಟೌನ್‌ಶಿಪ್‌ನವರಿಂದ ಮೊಹರು ಹಾಕಿಸಿಕೊಂಡು ಬಾ. ಆದಾಯದ ಮೂಲ ಬರೆಯುವಾಗ ಮೈಸೂರಿನ ಮನೆಯ ಬಾಡಿಗೆಯನ್ನು ಬಿಡಬೇಡ. ಮೂಲ ಭಾರತದಲ್ಲಿದೆ ಎಂದ ಮಾತ್ರಕ್ಕೆ ಅದು ಆದಾಯವಲ್ಲ ಎಂದಾಗುವುದಿಲ್ಲ.

ದುಡ್ಡಿನ ವಿಷಯದಲ್ಲಿ ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ್ದಿದೆ. ಅಮೆರಿಕದ ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರು ಮಾತ್ರ ದೇಣಿಗೆ ಕೊಡಬಹುದು. ಎಚ್-1ಬಿಯಲ್ಲಿರುವ ನಿನ್ನ ರೂಮ್‌ಮೇಟ್ 20 ಡಾಲರ್ ಕೊಟ್ಟರೂ ಫೆಡರಲ್ ಕಾನೂನಿನ ಉಲ್ಲಂಘನೆ, ಟೌನ್‌ಶಿಪ್ ಚುನಾವಣೆಗೂ ಅದು ಅನ್ವಯ. ನಿಮ್ಮಪ್ಪ ಊರಿಂದ ಕಳಿಸುವ ಹಣವೂ ಅಷ್ಟೇ, ಕೈ ಮುಗಿದು ಬೇಡ ಎನ್ನು. ವೀಸಾದ ಮೇಲಿರುವ ಗೆಳೆಯರು ಸಂಬಳವಿಲ್ಲದೆ ಕರಪತ್ರ ಮಡಚಬಹುದು, ಬಾಗಿಲಿಗೆ ಬರಬಹುದು. ಹಣ ಹೇಗೆ ಖರ್ಚಾಗಬೇಕೆಂದು ತೀರ್ಮಾನಿಸುವ ಮೇಜಿನಲ್ಲಿ ಕೂರಬಾರದು. ಗ್ರೀನ್ ಕಾರ್ಡಿನವರು ಹಣ ಕೊಡಬಹುದು, ನಾಮಪತ್ರಕ್ಕೆ ಸಹಿ ಹಾಕುವಂತಿಲ್ಲ. ಕಂಪನಿಗಳ ಹಣ ಬೇಡ, 100 ಡಾಲರ್‌ಗಿಂತ ಹೆಚ್ಚಿನ ನಗದು ಬೇಡ. ಎರಡೂ ರಾಜ್ಯದ ಕಾನೂನಿನಲ್ಲಿ ನಿಷಿದ್ಧ. 250 ಡಾಲರ್ ಮೀರುವಂತಿದ್ದರೆ ಸಮಿತಿ ನೋಂದಾಯಿಸಿ, ಖಜಾಂಚಿ ನೇಮಿಸಿ, ಬೇರೆ ಬ್ಯಾಂಕ್ ಖಾತೆ ತೆರೆ. ಪ್ರತಿ ದೇಣಿಗೆಗೂ ಹೆಸರು ವಿಳಾಸ ಬರೆದಿಡು. ಕನ್ನಡ ಸಂಘದ ವೇದಿಕೆಯನ್ನಾಗಲಿ ದೇವಸ್ಥಾನದ ಮೈಕನ್ನಾಗಲಿ ಕೇಳಲೇಬೇಡ. ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆಗಳು ಅಭ್ಯರ್ಥಿಯ ಪರ ನಿಲ್ಲುವಂತಿಲ್ಲ. ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಇನ್ನು ಬಾಗಿಲು. ರಾಜ್ಯದ ಮತದಾರರ ಪಟ್ಟಿ 20 ಡಾಲರ್‌ಗೆ ಸಿಗುತ್ತದೆ, ಯಾರು ಯಾವ ಚುನಾವಣೆಯಲ್ಲಿ ಮತ ಹಾಕಿದರು ಎಂಬುದೂ ಅದರಲ್ಲಿರುತ್ತದೆ. ಯಾರಿಗೆ ಎಂಬುದಲ್ಲ, ಹಾಕಿದರೋ ಇಲ್ಲವೋ ಎಂಬುದು. 2023 ಮತ್ತು 2025, ಎರಡರಲ್ಲೂ ಮತ ಹಾಕಿದವರನ್ನು ಬೇರೆ ಮಾಡು. ಸ್ಥಳೀಯ ಚುನಾವಣೆಗೆ ಬರುವವರು ಅಧ್ಯಕ್ಷೀಯ ಚುನಾವಣೆಗೆ ಬರುವವರಿಗಿಂತ ಬಹಳ ಕಡಿಮೆ. ಬಾರದವರ ಬಾಗಿಲು ತಟ್ಟಿ ಕಾಲು ಸವೆಸಬೇಡ. ಗಂಟೆಗೆ 12ರಿಂದ 15 ಬಾಗಿಲು, ಅದರಲ್ಲಿ ಮೂರರಲ್ಲೊಂದು ತೆರೆದರೆ ಒಳ್ಳೆಯ ದಿನ. ವಾರದ ದಿನ ಸಂಜೆ ಐದೂವರೆಯಿಂದ ಕತ್ತಲಾಗುವವರೆಗೆ, ಶನಿವಾರ ಹತ್ತರ ಮೇಲೆ. ಬಾಗಿಲು ತೆರೆದಾಗ ಎರಡು ಹೆಜ್ಜೆ ಹಿಂದೆ ನಿಲ್ಲು, ಹೆಸರು ಹೇಳು, ಯಾವ ರಸ್ತೆಯವನು ಎಂದು ಹೇಳು. "ಟೌನ್‌ಶಿಪ್ ಆಡಿಟರ್ ಹುದ್ದೆಗೆ ನಿಂತಿದ್ದೇನೆ, ನಿಮ್ಮ ತೆರಿಗೆ ಹಣದ ಲೆಕ್ಕ ನೋಡುವ ಕೆಲಸ, ಟೌನ್‌ಶಿಪ್ ಖರ್ಚಿನ ಬಗ್ಗೆ ನಿಮ್ಮ ಪ್ರಶ್ನೆ ಏನಾದರೂ ಇದೆಯೆ?" ಇಷ್ಟೇ. ಆಮೇಲೆ ಬಾಯಿ ಮುಚ್ಚಿ ಕೇಳು. ಫೆಡರಲ್ ರಿಸರ್ವ್ ರದ್ದಾಗಬೇಕು ಎಂಬ ನಿನ್ನ ವಾದ ನನಗೂ ಗೊತ್ತು. ಮಳೆನೀರು ಚರಂಡಿ ಕಟ್ಟಿಕೊಂಡಿದೆ ಎನ್ನುತ್ತಿರುವವರ ಮುಂದೆ ಅದನ್ನು ತೆಗೆಯುವುದು ಅವರಿಗೆ ಮಾಡುವ ಅಗೌರವ.

ಉತ್ತರ ಕೊಡಬೇಕಾದರೆ ಮೊದಲು ಓದಿರಬೇಕು. ಟೌನ್‌ಶಿಪ್ಪಿನ ವಾರ್ಷಿಕ ಲೆಕ್ಕಪರಿಶೋಧನಾ ವರದಿ ರಾಜ್ಯದ ಸಮುದಾಯ ಮತ್ತು ಆರ್ಥಿಕ ಅಭಿವೃದ್ಧಿ ಇಲಾಖೆಗೆ (ಡಿಸಿಇಡಿ) ಹೋಗುತ್ತದೆ, ಹಿಂದಿನ ಐದು ವರ್ಷದ್ದನ್ನು ತರಿಸಿ ಪಕ್ಕಪಕ್ಕ ಇಟ್ಟು ನೋಡು. ಅರ್ಥವಾಗದ ಖರ್ಚು ಕಂಡರೆ ಮಾಹಿತಿ ಹಕ್ಕಿನ ಅರ್ಜಿ ಹಾಕು. ಇಲ್ಲಿನ ಕಾನೂನಿನಲ್ಲಿ ಐದು ಕೆಲಸದ ದಿನದೊಳಗೆ ಉತ್ತರ ಬರಬೇಕು, ಅವರು ಇನ್ನೂ 30 ದಿನ ಕೇಳಬಹುದು, ನಿರಾಕರಿಸಿದರೆ 15 ಕೆಲಸದ ದಿನದೊಳಗೆ ಮೇಲ್ಮನವಿ. "ವೆಚ್ಚದ ಎಲ್ಲ ದಾಖಲೆ ಕೊಡಿ" ಎಂದು ಬರೆದರೆ ಅಸ್ಪಷ್ಟ ಎಂದು ತಿರಸ್ಕರಿಸುತ್ತಾರೆ. ಇಂಥ ಗುತ್ತಿಗೆ, ಇಂಥ ತಿಂಗಳಿಂದ ಇಂಥ ತಿಂಗಳವರೆಗಿನ ಬಿಲ್ಲುಗಳು ಎಂದು ಬರೆ. ಸೂಪರ್‌ವೈಸರ್‌ಗಳ ಸಭೆಗೆ ಈ ತಿಂಗಳಿಂದಲೇ ಹೋಗು. ಪ್ರಚಾರದ ವರ್ಷದಲ್ಲಿ ಮೊದಲ ಬಾರಿ ಮುಖ ತೋರಿಸುವವರನ್ನು ಟೌನ್‌ಶಿಪ್‌ನವರು ಗುರುತಿಟ್ಟುಕೊಂಡಿರುತ್ತಾರೆ.

"ನಿನಗೆ ಹಾಕಿದರೆ ಮತ ಹಾಳಲ್ಲವೆ?" ಎಂದು ಕೇಳುವವರು ಸಿಕ್ಕೇ ಸಿಕ್ಕುತ್ತಾರೆ. ಮಾದರಿ ಮತಪತ್ರದ ನಕಲು ಜೇಬಿನಲ್ಲಿಟ್ಟುಕೊಂಡು ಆಡಿಟರ್ ಸಾಲಿನಲ್ಲಿ ಎಷ್ಟು ಹೆಸರಿದೆ ಎಂದು ತೋರಿಸು. 2019ರ ಕಾಯಿದೆ ಬಂದ ಮೇಲೆ ಒಂದೇ ಗುರುತಿನಿಂದ ಇಡೀ ಪಕ್ಷಕ್ಕೆ ಮತ ಹಾಕುವ ಅವಕಾಶ ಈ ರಾಜ್ಯದಲ್ಲಿಲ್ಲ, ಪ್ರತಿ ಹುದ್ದೆಗೂ ಮತದಾರ ಬೇರೆಯಾಗಿ ಗುರುತು ಹಾಕಲೇಬೇಕು. ನಿನ್ನಂಥವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಆಗಿಲ್ಲ. ಅದೇ ಕಾಯಿದೆ ಎಲ್ಲರಿಗೂ ಅಂಚೆ ಮತ ಕೊಟ್ಟಿತು, ಆದ್ದರಿಂದ ಅಕ್ಟೋಬರ್ ಮೊದಲ ವಾರದೊಳಗೆ ಒಂದು ಸುತ್ತು ಮುಗಿದಿರಬೇಕು. ಅಂಚೆ ಮತದವರಿಗೆ ಒಳಲಕೋಟೆಯನ್ನು ನೆನಪಿಸು. ಅದಿಲ್ಲದೆ ಬಂದ ಮತ ಎಣಿಕೆಗೆ ಬರುವುದಿಲ್ಲ.

ಪಕ್ಷದ ಒಳಜಗಳಕ್ಕೆ ಕಿವಿಗೊಡಬೇಡ. 2022ರ ರೆನೊ ಸಮಾವೇಶದಲ್ಲಿ ಮೀಸೆಸ್ ಬಣ ಪಕ್ಷವನ್ನು ಹಿಡಿದ ಮೇಲೆ ಪೆನ್ಸಿಲ್ವೇನಿಯಾದಲ್ಲಿ ಒಂದು ಗುಂಪು ಹೊರಬಂದು ಕೀಸ್ಟೋನ್ ಪಾರ್ಟಿ ಕಟ್ಟಿತು. ಎರಡೂ ಕಡೆ ಕೆಲಸಗಾರರಿದ್ದಾರೆ. ನಿನಗೆ ಸಹಿ ತಂದುಕೊಡುವವರು ಯಾವ ಬಣವಾದರೇನು?

ನಾಮಪತ್ರ ಹೇಗೋ ಕೈತಪ್ಪಿದರೆ ಮತದಾರರೇ ಮತಪತ್ರದಲ್ಲಿ ನಿನ್ನ ಹೆಸರು ಬರೆಯುವ ರೈಟ್-ಇನ್ ದಾರಿ ಉಂಟು, ಅಭ್ಯರ್ಥಿಯೇ ಇಲ್ಲದ ಹುದ್ದೆಗೆ ಬೆರಳೆಣಿಕೆಯ ಮತದಲ್ಲಿ ಗೆದ್ದವರಿದ್ದಾರೆ. ಆದರೆ ನಿನ್ನ ಹೆಸರು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯಬಹುದಾದ್ದು. ಬೇರೆ ಬೇರೆ ಕಾಗುಣಿತದ ಮತಗಳನ್ನು ಬೇರೆ ಬೇರೆಯಾಗಿಯೇ ಎಣಿಸಬಹುದು, ಒಟ್ಟುಗೂಡಿಸಲು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಹಾಗಾಗಿ ಒಂದೇ ಕಾಗುಣಿತ ನಿಗದಿ ಮಾಡಿ, ವಿಸಿಟಿಂಗ್ ಕಾರ್ಡಿನಷ್ಟು ಚೀಟಿಯಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡು. ಹೆಸರು ಬರೆದ ಮೇಲೆ ಪಕ್ಕದ ಅಂಡಾಕಾರವನ್ನೂ ತುಂಬಬೇಕೆಂದು ಆ ಚೀಟಿಯಲ್ಲೇ ಇರಲಿ.

ಕರಪತ್ರವನ್ನು ಯಾರ ಅಂಚೆಪೆಟ್ಟಿಗೆಯೊಳಗೂ ತುರುಕಬೇಡ, ಸ್ಟ್ಯಾಂಪಿಲ್ಲದೆ ಹಾಕುವುದು ಫೆಡರಲ್ ಅಪರಾಧ. ಬಾಗಿಲ ಹಿಡಿಗೆ ಸಿಕ್ಕಿಸು. ಖರ್ಚು ಯಾರದು ಎಂಬ ಸಾಲು ಪ್ರತಿ ಕರಪತ್ರದಲ್ಲೂ ಫಲಕದಲ್ಲೂ ಇರಬೇಕು. ಫಲಕಗಳನ್ನು ರಾಜ್ಯ ಹೆದ್ದಾರಿಯ ಜಾಗದಲ್ಲಿ ನೆಡಬೇಡ, ಒಪ್ಪಿದವರ ಅಂಗಳದಲ್ಲಿ ಮಾತ್ರ. ಮತದಾನದ ದಿನ ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ಮತಗಟ್ಟೆಯ ಹೊರಗೆ, ಹತ್ತು ಅಡಿ ದೂರದಲ್ಲಿ, ಯಾರಾದರೊಬ್ಬರು ನಿಂತಿರಲಿ. ಎಣಿಕೆಯ ಮೇಲೆ ಕಣ್ಣಿಡಲು ಒಳಗೆ ವಾಚರ್ ಬೇಕಾದರೆ ಕೌಂಟಿಯಿಂದ ಮುಂಚೆಯೇ ಪ್ರಮಾಣಪತ್ರ ತರಿಸು.

ನಿನ್ನ ಗೆಳೆಯರಲ್ಲಿ ಇಬ್ಬರಿಗೆ 2029 ನೆನಪಿರಲಿ ಎಂದು ಹೇಳು. ಆ ವರ್ಷ ಮತಗಟ್ಟೆಯ ಇನ್‌ಸ್ಪೆಕ್ಟರ್ ಹುದ್ದೆಗಳು ಬರುತ್ತವೆ. ಪ್ರತಿಯೊಬ್ಬರೂ ಒಬ್ಬರಿಗೇ ಮತ ಹಾಕುತ್ತಾರೆ, ಮೊದಲೆರಡು ಸ್ಥಾನ ಪಡೆದ ಇಬ್ಬರೂ ಆಯ್ಕೆಯಾಗುತ್ತಾರೆ. ಎರಡನೆಯವರಾದರೂ ಸ್ಥಾನ ಸಿಗುವ ಹುದ್ದೆ ಮೂರನೆಯ ಪಕ್ಷಕ್ಕೆ ಬೇರೆಲ್ಲಿ ಸಿಕ್ಕೀತು?

ಈ ವಾರ ಎರಡು ಕೆಲಸ ಮುಗಿಸು: ನೋಂದಣಿ ಬದಲಾವಣೆ, ಮತದಾರರ ಪಟ್ಟಿಗೆ ಅರ್ಜಿ. ಪಟ್ಟಿ ಬಂದೊಡನೆ ಫೈಲನ್ನು ನನಗೆ ಕಳಿಸು, ಬೀದಿವಾರು ವಿಂಗಡಿಸಿ, ಸಮ ಬೆಸ ಮನೆ ನಂಬರು ಬೇರೆ ಮಾಡಿ ಹಿಂದಿರುಗಿಸುತ್ತೇನೆ. ನಿಮ್ಮಮ್ಮನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ಇಂತು ನಿನ್ನ
ದೊಡ್ಡಮ್ಮ