ಬೀಜ ತಲುಪಬೇಕಾದದ್ದು ಮೇ ತಿಂಗಳಲ್ಲಿ

ಮಾನ್ಯರೇ,

ಯುದ್ಧದಲ್ಲಿ ನಲುಗಿದ ಸುಡಾನಿನ ಕ್ಷಾಮದ ವರದಿಗಳಲ್ಲಿ ಎಷ್ಟು ಲಾರಿ ಧಾನ್ಯ ಗಡಿ ದಾಟಿತು ಎಂಬ ಲೆಕ್ಕ ಸಿಗುತ್ತದೆ. ಬಿತ್ತನೆ ಬೀಜ ಯಾವ ತಿಂಗಳು ತಲುಪಿತು ಎಂಬುದನ್ನು ಯಾರೂ ಕೇಳುವುದಿಲ್ಲ.

ಅಲ್ಲಿನವರ ಮುಖ್ಯ ಆಹಾರ ಜೋಳ ಮತ್ತು ಸಜ್ಜೆ. ಮಳೆಯಾಶ್ರಿತ ಬಿತ್ತನೆ ಜೂನ್–ಜುಲೈಯಲ್ಲಿ ನಡೆಯುತ್ತದೆ. ಅದೇ ಮಳೆಗೆ ದೇಶದ ಪಶ್ಚಿಮ ಭಾಗದ ಡಾರ್ಫರ್‌ನ ಹಳ್ಳಗಳು ತುಂಬಿ ದಾರಿ ಕಡಿಯುತ್ತವೆ. ಆದ್ದರಿಂದ ಬೀಜ ಮೇ ಮುಗಿಯುವುದರೊಳಗೆ ಹಳ್ಳಿಯ ಹತ್ತಿರ ದಾಸ್ತಾನಾಗಿರಬೇಕು. 2024ರಲ್ಲಿ ನೆರೆಯ ಚಾಡ್ ದೇಶದ ಗಡಿಯಿಂದ ನೆರವು ಬರುವ ಅಡ್ರೆ ಮಾರ್ಗ ಫೆಬ್ರುವರಿಯಲ್ಲಿ ಮುಚ್ಚಿ, ಮತ್ತೆ ತೆರೆದದ್ದು ಆಗಸ್ಟ್‌ನಲ್ಲಿ. ಆಗ ಬಂದ ಬೀಜ ಹೊಲಕ್ಕಲ್ಲ, ಒಲೆಗೆ.

ಹಸಿದ ಮನೆಗೆ ಬರೀ ಬೀಜ ಕೊಟ್ಟರೂ ಅಷ್ಟೇ. ಅದನ್ನು ತಿಂದವರದು ತಪ್ಪಲ್ಲ. ಬೀಜದ ಚೀಲದ ಜೊತೆಗೆ ಅದೇ ದಿನ ಊಟದ ಧಾನ್ಯವನ್ನೂ ಕೊಡಬೇಕು, ಬೆಳೆ ಕೈಗೆ ಬರುವವರೆಗೂ ಪಡಿ ನಿಲ್ಲಬಾರದು. ರೋಗ, ಕೀಟ ತಡೆಯಲು ಔಷಧ ಲೇಪಿಸಿದ, ಅಂದರೆ ಬೀಜೋಪಚಾರ ಮಾಡಿದ ಬೀಜವಾದರಂತೂ ಇದು ಜೀವದ ಪ್ರಶ್ನೆ. 1971–72ರಲ್ಲಿ ಇರಾಕಿಗೆ ಪಾದರಸದ ಔಷಧ ಲೇಪಿಸಿದ ಗೋಧಿ ಬೀಜ ತಡವಾಗಿ ಬಂತು. ಚೀಲದ ಮೇಲಿನ ಎಚ್ಚರಿಕೆ ರೈತರಿಗೆ ಗೊತ್ತಿಲ್ಲದ ಭಾಷೆಯಲ್ಲಿತ್ತು. ತೊಳೆದರೆ ಕೆಂಪು ಬಣ್ಣ ಹೋಗುತ್ತಿತ್ತು, ವಿಷ ಹೋಗುತ್ತಿರಲಿಲ್ಲ. ಅದರ ರೊಟ್ಟಿ ತಿಂದು ಸತ್ತವರು ಸರ್ಕಾರಿ ಲೆಕ್ಕದಲ್ಲೇ 459. ಹಸಿವು ಇರುವ ಕಡೆಗೆ ಉಪಚರಿಸದ ಬೀಜ ಕಳಿಸುವುದೇ ಕ್ಷೇಮ.

ಬೀಜ ದಾರಿಯಲ್ಲೂ ಕೆಡಬಹುದು. ಬಿಸಿಲಿಗೆ ಕಾದ ತಗಡಿನ ಗೋದಾಮಿನಲ್ಲಿ ವಾರಗಟ್ಟಲೆ ಕೂತರೆ ಕಾಳು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಮೊಳೆಯುವ ಶಕ್ತಿ ಕುಗ್ಗಿರಬಹುದು. ಹಂಚುವ ಮುನ್ನ ಪ್ರತಿ ಲಾಟಿನಿಂದ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಟ್ಟೆ ಆರದಂತೆ ನೋಡಿಕೊಂಡರೆ ನಾಲ್ಕೈದು ದಿನದಲ್ಲಿ ಗೊತ್ತಾಗುತ್ತದೆ. 80 ಮೊಳೆತರೆ ಹೆಕ್ಟೇರಿಗೆ 10 ಕೆ.ಜಿ. ಎಂದು ಲೆಕ್ಕ ಹಾಕಿದ್ದರೆ, 60 ಮೊಳೆತಾಗ 13 ಕೆ.ಜಿ.ಗಿಂತ ಹೆಚ್ಚು ಬೇಕು. ಅದಕ್ಕೂ ಕಡಿಮೆಯಿದ್ದರೆ ಹಂಚಲೇಬಾರದು. ಒಂದು ಹಂಗಾಮು ಕಳೆದುಕೊಳ್ಳುವ ಶಕ್ತಿ ಆ ರೈತರಿಗಿಲ್ಲ.

ಹೈಬ್ರಿಡ್ ಬೇಡ. ಗೊಬ್ಬರವೇ ಸಿಗದ ಕಡೆ ಅದರ ಇಳುವರಿಯ ಮಾತು ಕಾಗದದಲ್ಲೇ ಉಳಿಯುತ್ತದೆ, ಮುಂದಿನ ವರ್ಷಕ್ಕೆ ಎತ್ತಿಟ್ಟ ಕಾಳೂ ಅದೇ ಗುಣ ಕೊಡುವುದಿಲ್ಲ. ಆಯಾ ಸೀಮೆಯ ಜವಾರಿ ತಳಿಯೇ ಬೇಕು. ಸುಡಾನಿನ ವಾದ್ ಮದನಿ ನಗರದಲ್ಲಿದ್ದ, ದೇಶದ ತಳಿಗಳನ್ನು ಕಾಪಿಟ್ಟ ಬೀಜ ಸಂಗ್ರಹಾಲಯವೇ ಯುದ್ಧದಲ್ಲಿ ಲೂಟಿಯಾಗಿರುವಾಗ ಈ ಮಾತಿಗೆ ಇನ್ನಷ್ಟು ತೂಕವಿದೆ. ಎಷ್ಟೋ ಬಾರಿ ಆ ಬೀಜ ಪಕ್ಕದ ಸಂತೆಯಲ್ಲೇ ಇರುತ್ತದೆ, ಕೊಳ್ಳಲು ದುಡ್ಡಿರುವುದಿಲ್ಲ. ಅಲ್ಲಿಗೆ ಲಾರಿ ಬೇಕಿಲ್ಲ, ನಗದೋ ಕೂಪನ್ನೋ ಸಾಕು. ಮುತ್ತಿಗೆ ಬಿದ್ದ ಊರಿಗೆ ಮಾತ್ರ ಬೀಜದ ಮಾತೇ ವ್ಯರ್ಥ, ಅಲ್ಲಿಗೆ ಊಟವೇ ಹೋಗಬೇಕು.

ಜಾನುವಾರುಗಳ ವಿಷಯ ಬರೆದರೆ ಇನ್ನೊಂದು ಪತ್ರವಾದೀತು. ಆಡು-ಕುರಿಗಳ ಹಿರೇಬೇನೆ ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಕರೆಂಟ್ ಇಲ್ಲದ ಕಡೆ ಸೌರ ಫ್ರಿಜ್ ಮೊದಲು, ಲಸಿಕೆ ಆಮೇಲೆ ಎಂದಷ್ಟೇ ಹೇಳುತ್ತೇನೆ.

ಖರೀದಿ, ಪರೀಕ್ಷೆ, ಸಾಗಣೆ, ಚೆಕ್‌ಪೋಸ್ಟ್‌ಗಳ ಅನುಮತಿ ಎಲ್ಲಕ್ಕೂ ತಿಂಗಳುಗಳು ಹಿಡಿಯುತ್ತವೆ. ದಾನಿ ದೇಶಗಳು ಬೀಜದ ಹಣವನ್ನು ಜನವರಿಯಲ್ಲೇ ಬಿಡುಗಡೆ ಮಾಡಬೇಕು.

ಇಂತಿ,
ಒಬ್ಬ ಕೃಷಿ ಪದವೀಧರ