ಶನಿವಾರ ಏಳು ಗಂಟೆಯ ಮೀಟಿಂಗಿಗೆ

ಮೊನ್ನೆ ಶನಿವಾರಕ್ಕೆ ನಾನು ಕುಡಿತ ಬಿಟ್ಟು ಒಂದು ವರ್ಷವಾಯಿತು. ಮೀಟಿಂಗಿನಲ್ಲಿ ಕೇಕ್ ಕತ್ತರಿಸಿದರು. ನಲವತ್ತಾರರ ಗಂಡಸಿಗೆ ಒಂದೇ ಒಂದು ಮೇಣದಬತ್ತಿ. ಎರಡು ಮಾತಾಡಿ ಅಂದಾಗ ಗಂಟಲು ಕಟ್ಟಿ ಕೂತುಬಿಟ್ಟೆ. ಅವತ್ತು ಬಾಕಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ನನ್ನದೂ ಇಲ್ಲ, ಯಾರದ್ದೂ ಇಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್‌ನಲ್ಲಿ, ಕುಡಿತ ಬಿಡಬೇಕೆಂದವರು ಸೇರಿ ಕೂರುವ ಈ ಕೂಟಕ್ಕೆ ನಾವು ಎಎ ಅನ್ನುತ್ತೇವೆ, ಅದೇ ಪದ್ಧತಿ.

ಮೊದಲ ಋಣ ಡಾಕ್ಟರಮ್ಮನಿಗೆ. ಮನೆಯಲ್ಲೇ ಕೂತು ಬಿಟ್ಟುಬಿಡ್ತೀನಿ ಅಂತ ಜಂಬ ಕೊಚ್ಚಿದಾಗ, "ನೋಡಿ ಇವರೇ, ದಿನಾ ಕುಡಿದ ಮೈ ಇದು. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು" ಎಂದು ಗದರಿ ಅಡ್ಮಿಟ್ ಮಾಡಿಕೊಂಡರು. ಥಯಾಮಿನ್ ಅನ್ನುವ ವಿಟಮಿನ್ ಇಂಜೆಕ್ಷನ್, ಮಾತ್ರೆ, ಕೈ ನಡುಕ ನಿಲ್ಲುವವರೆಗೂ ಮಂಚ. ಮನೆಗೆ ಕಳಿಸುವಾಗ ಹೇಳಿದ್ದು ಇಷ್ಟೇ: "ನಮ್ಮ ಕೆಲಸ ಮುಗೀತು. ಒಂದು ಮೀಟಿಂಗ್ ಹುಡುಕಿಕೊಳ್ಳಿ."

ಆ ಮಾತಿನ ತೂಕ ನನಗೆ ಗೊತ್ತಿತ್ತು. ಅದಕ್ಕೂ ಮುಂಚೆ ಊರಿನಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರದಲ್ಲಿ ಎಂಟು ದಿನ ಇದ್ದು ಬಂದವನು ನಾನು. ಶಿಬಿರ ಮುಗಿದವರಿಗೆ ನವಜೀವನ ಸಮಿತಿ ಅಂತ ಇರುತ್ತದೆ, ಬಿಟ್ಟವರೆಲ್ಲ ಸೇರಿ ಕೂರುವುದು. ನನ್ನ ಜೊತೆಯವರು ಅದಕ್ಕೆ ಹೋಗುತ್ತ ಇವತ್ತಿಗೂ ಮುಟ್ಟಿಲ್ಲ. ನಾನೋ ಒಂಬತ್ತನೇ ದಿನವೇ ಬೆಂಗಳೂರು ಬಸ್ಸು ಹತ್ತಿದೆ. ಮೂರು ತಿಂಗಳಿಗೆ ಮತ್ತೆ ಕ್ವಾರ್ಟರ್ ಕೈಗೆ ಬಂತು. ತಪ್ಪು ಪೂರ್ತಿ ನನ್ನದೇ.

ಹಾಗಾಗಿ ಈ ಸಲ ಹುಡುಕಿದೆ. ಮೊದಲು ಸಿಕ್ಕಿದ್ದು ಇಂಗ್ಲಿಷ್ ಮೀಟಿಂಗ್. ಒಳ್ಳೆಯ ಜನ, ಆದರೆ ಲೇತ್ ಓಡಿಸುವವನು ತನ್ನ ಹೊಟ್ಟೆಯೊಳಗಿನದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿಕೊಳ್ಳಲಿ? ಎರಡನೆಯದು ಮನೆ ಹತ್ತಿರ, ಕನ್ನಡದ್ದೇ. ಬಾಗಿಲವರೆಗೂ ಹೋದೆ. ಅಲ್ಲಿ ನಮ್ಮ ಬೀದಿಗೆ ಹಾಲು ಹಾಕುವವನ ಬೈಕು ನಿಂತಿತ್ತು. ಕಾಲು ತಾನಾಗಿ ಹಿಂದಕ್ಕೆ ತಿರುಗಿತು. ಅವನು ಅಲ್ಲಿಗೆ ಯಾತಕ್ಕೆ ಬಂದಿದ್ದ ಅಂತ ಇವತ್ತಿಗೂ ಕೇಳಿಲ್ಲ, ಕೇಳುವುದೂ ಇಲ್ಲ.

ಮೂರನೆಯದು ಭಾನುವಾರ ಬೆಳಿಗ್ಗೆ, ಎರಡು ಬಸ್ಸು ಬದಲಿಸಿ ಹೋಗಬೇಕು. ಓಪನ್ ಮೀಟಿಂಗ್, ಮನೆಯವರೂ ಕೂರಬಹುದು, ನನ್ನಾಕೆಯೂ ಬಂದಳು. ಎಲ್ಲ ಸರಿ. ಆದರೆ ನಮ್ಮ ವರ್ಕ್‌ಶಾಪಿನಲ್ಲಿ ಬಟವಾಡೆ ಶನಿವಾರ ಸಂಜೆ. ಗೇಟಿನಿಂದ ಬಸ್‌ಸ್ಟಾಪಿನವರೆಗೆ ನಾಲ್ಕು ಬಾರು. ಎರಡನೇ ವಾರ ಭಾನುವಾರ ಮೀಟಿಂಗಿಗೆ ಹೋದಾಗ ರಾತ್ರಿಯ ವಾಸನೆ ಇನ್ನೂ ಬಾಯಲ್ಲೇ ಇತ್ತು.

ಪಕ್ಕ ಕೂತಿದ್ದ ಹಿರಿಯರೊಬ್ಬರು ಮೂಗು ಮುರಿಯಲಿಲ್ಲ, ಬುದ್ಧಿ ಹೇಳಲಿಲ್ಲ. ಟೀ ಕುಡಿಯುವಾಗ ಒಂದೇ ಪ್ರಶ್ನೆ: "ನೀವು ಕುಡಿಯೋದು ಯಾವ ಹೊತ್ತಿಗೆ?"

"ಶನಿವಾರ, ಏಳಕ್ಕೆ."

"ಹಂಗಾದ್ರೆ ಶನಿವಾರ ಏಳಕ್ಕೆ ನಡೆಯೋ ಮೀಟಿಂಗ್ ನಿಮ್ಮದು."

ಮೀಟಿಂಗುಗಳ ಪಟ್ಟಿ ಇದ್ದ ನಾಲ್ಕು ಮಡಿಕೆಯ ಹಾಳೆ ತೆಗೆದು ಒಂದು ಸಾಲಿಗೆ ಗೀಟು ಎಳೆದುಕೊಟ್ಟರು. ಮುಂದಿನ ಶನಿವಾರ ಆರೂವರೆಗೆ ಹೊರಗೆ ಬಂದರೆ ಗೇಟಿನಲ್ಲಿ ಅವರೇ ನಿಂತಿದ್ದರು, ಕಂಕುಳಲ್ಲಿ ಛತ್ರಿ. ಬಾರುಗಳನ್ನು ಒಂದೊಂದಾಗಿ ದಾಟಿದೆವು. ಅವರು ಸೊಸೆ ಮಾಡುವ ಉಪ್ಪಿಟ್ಟನ್ನು ಬೈಯುತ್ತಲೇ ಇದ್ದರು.

ಮೀಟಿಂಗ್ ನಡೆಯುವುದು ಶಾಲೆಯ ಕೋಣೆಯೊಂದರಲ್ಲಿ. ಗೋಡೆಯ ಮೇಲೆ ಮಗ್ಗಿ, ಮಕ್ಕಳ ಬೆಂಚಿನೊಳಗೆ ಮೊಣಕಾಲು ತೂರುವುದಿಲ್ಲ. ಫೀಸಿಲ್ಲ, ಹೊರಗಿನವರ ದುಡ್ಡೂ ಬೇಡ. ಕೊನೆಗೊಂದು ಚೀಲ ಸುತ್ತಿ ಬರುತ್ತದೆ, ಹಾಕದಿದ್ದರೂ ಯಾರೂ ನೋಡುವುದಿಲ್ಲ. ಕುಡಿತ ನಿಲ್ಲಿಸಬೇಕೆಂಬ ಆಸೆ ಇದ್ದರೆ ಸಾಕು, ಒಳಗೆ ಬರಬಹುದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ನಲವತ್ತಾರು ವರ್ಷದಲ್ಲಿ ನನ್ನ ಮಾತನ್ನು ಹೀಗೆ ಕೊನೆಯವರೆಗೂ ಕೇಳಿಸಿಕೊಂಡವರು ಇವರೇ.

ನನಗಾಗಿ ಇಷ್ಟು ದೂರ ಬಂದಿರಲ್ಲ ಸಾರ್, ಎಂದು ಒಮ್ಮೆ ಕೈಮುಗಿದೆ. ಹಿರಿಯರು ನಕ್ಕರು. 1935ರಲ್ಲಿ ಅಮೆರಿಕದ ಅಕ್ರನ್ ಎಂಬ ಊರಿನಲ್ಲಿ, ಬಿಟ್ಟು ಕೆಲವೇ ತಿಂಗಳಾಗಿದ್ದ ಶೇರು ವ್ಯವಹಾರದವನೊಬ್ಬನಿಗೆ ಹೋಟೆಲಿನ ಬಾರು ಕಂಡು ಮನಸ್ಸು ಜಾರಿತಂತೆ. ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂದು ಫೋನ್ ಮೇಲೆ ಫೋನ್ ಮಾಡಿ, ಕೊನೆಗೊಬ್ಬ ಸರ್ಜನ್ನನ್ನು ಹುಡುಕಿದ. ಎಎ ಹುಟ್ಟಿದ್ದು ಆ ಇಬ್ಬರಿಂದ. "ನಿಮಗೋಸ್ಕರ ಬಂದೆ ಅಂದ್ಕೊಂಡ್ರಾ? ಆ ಶನಿವಾರ ನನಗೂ ಸರಿ ಇರಲಿಲ್ಲ" ಎಂದರು. ಬಿಟ್ಟು ಹತ್ತೊಂಬತ್ತು ವರ್ಷವಾದ ಮನುಷ್ಯ!

ಮಾಲೀಕರಿಗೂ ನಮಸ್ಕಾರ. ನನ್ನೊಬ್ಬನ ಬಟವಾಡೆ ಸೋಮವಾರ ಕೊಡಿ ಎಂದಾಗ ಕಾರಣ ಕೇಳದೆ ಒಪ್ಪಿದರು. ನನ್ನಾಕೆಗೆ ಥ್ಯಾಂಕ್ಸ್ ಅಂದರೆ ಬೈಸಿಕೊಳ್ಳುತ್ತೇನೆ. ಅವಳು ಕುಡುಕರ ಮನೆಯವರು ಸೇರುವ ಅಲ್-ಅನಾನ್‌ಗೆ ಹೋಗತೊಡಗಿದ ಮೇಲೆ, ಬಾಗಿಲಲ್ಲೇ ನಿಲ್ಲಿಸಿ ನನ್ನ ಬಾಯಿ ಮೂಸುವುದನ್ನು ಬಿಟ್ಟಿದ್ದಾಳೆ. ನನಗೆ ಅದು ಕೇಕಿಗಿಂತ ದೊಡ್ಡದು.

ಹುಡುಕುತ್ತಿರುವವರಿಗೆ: ಒಂದು ಮೀಟಿಂಗ್ ಹೊಂದಲಿಲ್ಲವೆಂದು ಎಲ್ಲ ಮೀಟಿಂಗನ್ನೂ ಬಿಡಬೇಡಿ. ಎಲ್ಲಿ ಕೇಳಬೇಕೆಂದೇ ತೋಚದಿದ್ದರೆ ಮನಸ್ಸಿನ ಆರೋಗ್ಯಕ್ಕೆ ಸರಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರು 14416, ಕನ್ನಡದಲ್ಲೂ ಮಾತಾಡುತ್ತಾರೆ.

ಈ ಶನಿವಾರ ಟೀ ನನ್ನ ಪಾಳಿ. ಎರಡು ಲೀಟರ್ ಹಾಲು ಬೇಕು, ನಮ್ಮ ಬೀದಿಯವನಿಗೇ ಹೇಳಿದ್ದೇನೆ.